ನನ್ನ ಹೆಸರಿನಲ್ಲಿ ಯಜಮಾನರು ತೆಗೆದ ಕಾರ್ಡುಗಳು: ದಾರಿ ತಿಳಿದವರು ಹೇಳಿ

ಸಿಂಧನೂರು, ಈಗ ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಮಗಳ ಕನ್ನಡ ತರಗತಿಯ ಬಗ್ಗೆ ಒಮ್ಮೆ ಕೇಳಿದ್ದು ಬಿಟ್ಟರೆ ಇಲ್ಲಿ ಏನನ್ನೂ ಬರೆದವಳಲ್ಲ. ಕಳೆದ ವಾರ ಮನೆ ಸಾಲಕ್ಕೆಂದು ನನ್ನ ಕ್ರೆಡಿಟ್ ವರದಿ (ನನ್ನ ಹೆಸರಿನ ಸಾಲಗಳ ದಾಖಲೆ) ತೆಗೆಸಿದಾಗ ನಾನು ಕಣ್ಣಿನಿಂದಲೂ ನೋಡಿರದ ಎರಡು ಕ್ರೆಡಿಟ್ ಕಾರ್ಡುಗಳು ಅದರಲ್ಲಿದ್ದವು. ಬಾಕಿ 14,000 ಡಾಲರ್. ತೆಗೆದವರು ಯಜಮಾನರು. ತೆರಿಗೆಯ ಕಾಗದಗಳನ್ನೆಲ್ಲ ಅವರೇ ನೋಡಿಕೊಳ್ಳುವುದರಿಂದ ಇಲ್ಲಿ ತೆರಿಗೆಗೂ ಸಾಲಕ್ಕೂ ಕೇಳುವ ಗುರುತಿನ ಸಂಖ್ಯೆ, ಅಂದರೆ ನನ್ನ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಅವರ ಬಳಿಯೇ ಇತ್ತು. ಬಿಲ್ಲುಗಳು ಅವರ ಇಮೇಲಿಗೆ ಹೋಗುತ್ತಿದ್ದವು. ಹಣ ಷೇರು ವ್ಯಾಪಾರದಲ್ಲಿ ಕರಗಿದೆ. ಕೇಳಿದರೆ "ಗಂಡ ಹೆಂಡತಿಯಲ್ಲಿ ನಿನ್ನದು ನನ್ನದು ಎಂದು ಇದೆಯೇ?" ಎಂದರು.

ಮಗಳಿಗೆ ಹನ್ನೊಂದು ವರ್ಷ. ಅವಳ ಸಂಖ್ಯೆಯೂ ಅದೇ ಕಡತದಲ್ಲಿದೆ. ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ದೂರು ಕೊಟ್ಟರೆ ವೀಸಾದ ಗತಿ ಏನು? ಊರಿನಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲ.

ರಾಯಚೂರು, ಈಗ ಷಾರ್ಲೆಟ್

ಅಕ್ಕಾ, ಇವತ್ತೇ ಮೊದಲು ಮಾಡಬೇಕಾದದ್ದು ಫ್ರೀಜ್, ಅಂದರೆ ನಿಮ್ಮ ಹೆಸರಿನಲ್ಲಿ ಹೊಸ ಸಾಲ ತೆಗೆಯಲಾಗದಂತೆ ಕ್ರೆಡಿಟ್ ವರದಿಗೆ ಬೀಗ ಹಾಕಿಸುವುದು. ಆ ವರದಿಗಳನ್ನು ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರು ಕಂಪನಿಗಳಿಗೂ ಬೇರೆ ಬೇರೆಯಾಗಿ ಹೇಳಬೇಕು. 2018ರಿಂದ ಇದಕ್ಕೆ ಶುಲ್ಕವಿಲ್ಲ. 16 ವರ್ಷದೊಳಗಿನ ಮಕ್ಕಳ ಹೆಸರಿನಲ್ಲಿ ತಂದೆತಾಯಿಯೇ ಮಾಡಿಸಬಹುದು, ಆದರೆ ಜನನ ಪ್ರಮಾಣಪತ್ರದ ಪ್ರತಿ, ನಿಮ್ಮ ಗುರುತಿನ ದಾಖಲೆ ಎಲ್ಲವನ್ನೂ ಸಾಮಾನ್ಯವಾಗಿ ಅಂಚೆಯಲ್ಲಿ ಕಳಿಸಬೇಕಾಗುತ್ತದೆ.

ಆ ಎರಡು ಕಾರ್ಡುಗಳ ಬಗ್ಗೆ ಗ್ರಾಹಕರ ದೂರು ನೋಡುವ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್‌ನ ಐಡೆಂಟಿಟಿ ಥೆಫ್ಟ್ (ಗುರುತಿನ ಕಳವು) ತಾಣದಲ್ಲಿ ವರದಿ ತುಂಬಿ. ಆ ಆಯೋಗ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡುವುದಿಲ್ಲ. ಆದರೆ ಬ್ಯಾಂಕು ಪೊಲೀಸ್ ದೂರನ್ನೂ ಕೇಳಬಹುದು, ಆಗ ಮಾತು ಬೇರೆ. ವಂಚನೆಯಲ್ಲಿ ಶಿಕ್ಷೆಯಾದರೆ ವೀಸಾಕ್ಕೆ ತೊಂದರೆ ಬರಬಹುದು, ಹಾಗಾಗಿ ಆ ಹೆಜ್ಜೆಗೆ ಮುಂಚೆ ವಲಸೆ ವಕೀಲರನ್ನು ಕಾಣಿ. ತೆಗೆದವರು ಯಾರೆಂದು ಗೊತ್ತಿದ್ದೂ ಗೊತ್ತಿಲ್ಲ ಎಂದು ಎಲ್ಲಿಯೂ ಬರೆಯಬೇಡಿ. ವಕೀಲರು ಹೇಳುವ ತನಕ ಆ ಬಾಕಿಗೆ ಒಂದು ಕಂತನ್ನೂ ಕಟ್ಟಬೇಡಿ.

ಸಿರುಗುಪ್ಪ, ಈಗ ಹ್ಯೂಸ್ಟನ್

ತಂಗೀ, ಈ ಹುಡುಗರ ಮಾತು ಕೇಳಿ ದುಡುಕಬೇಡ. ನಾನು ಇಲ್ಲಿಗೆ ಬಂದು 27 ವರ್ಷ. ಕಾಗದದ ಮೇಲೆ ಗಂಡನನ್ನು ಕಳ್ಳ ಎಂದು ಒಮ್ಮೆ ಬರೆದರೆ ಆ ಅಕ್ಷರ ಅಳಿಸುವುದಿಲ್ಲ. ನಾಳೆ ಮಗಳ ಮದುವೆಯ ಮಾತು ಬಂದಾಗಲೂ ಅದೇ ಎದುರಿಗೆ ಬರುತ್ತದೆ. ನಮ್ಮ ಕಡೆ ಗಂಡ ಸಾಲದಲ್ಲಿ ಮುಳುಗಿದರೆ ಹೆಂಡತಿ ಎತ್ತಿದ್ದಾಳೆ. ನನ್ನ ತಾಯಿ ಬೋರಮಾಳ ಬಿಚ್ಚಿಕೊಟ್ಟು ಎರಡು ಎಕರೆ ಗದ್ದೆ ಬಿಡಿಸಿದಳು. ಆ ಗದ್ದೆಯ ಭತ್ತದಿಂದಲೇ ನಾನು ಇಂಜಿನಿಯರಿಂಗ್ ಓದಿದೆ. ಹಿರಿಯರನ್ನು ಕೂಡಿಸಿ ಮಾತನಾಡಿಸು. ನಾನೇ ಬರುತ್ತೇನೆ.

ಬಳ್ಳಾರಿ, ಈಗ ಲಂಡನ್

ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಎಲ್ಲವೂ ಜಂಟಿ ಖಾತೆ, ಎಲ್ಲ ಪಾಸ್‌ವರ್ಡೂ ಒಂದೇ ಡೈರಿಯಲ್ಲಿ. ಮಗನಿಗೆ ಹದಿನೈದು. ವಾರದ ಖರ್ಚನ್ನು ಕನ್ನಡದಲ್ಲಿಯೇ ಬರೆದಿಡುತ್ತಾನೆ, ಕಾಗುಣಿತ ಕೂಡ ತಪ್ಪುವುದಿಲ್ಲ. ಮಕ್ಕಳಿಗೆ ಮೊದಲಿನಿಂದ ಹೀಗೆ ಕಲಿಸಿದರೆ ಇಂಥ ಪ್ರಸಂಗವೇ ಬರುವುದಿಲ್ಲ.

ಗಂಗಾವತಿ, ಈಗ ಅಬುಧಾಬಿ

ಜಂಟಿ, ನಂಬಿಕೆ ಎಂದು ನಾನೂ ಹೇಳುತ್ತಿದ್ದೆ. ನನ್ನ ಊರಿನ ಸಿಮ್ ತಮ್ಮನ ಫೋನಿನಲ್ಲಿತ್ತು, ಅಪ್ಪನ ಆಸ್ಪತ್ರೆ ಖರ್ಚಿಗೆಂದು ಕಾರ್ಡಿನ ಸಂಖ್ಯೆಯನ್ನೂ ಕೊಟ್ಟಿದ್ದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಬೆಳೆಗೆ ನೀರು ಸಿಗದೆಂಬ ಭಯದಲ್ಲಿ ಗೊಬ್ಬರದ ಅಂಗಡಿಯ ಬಾಕಿಯನ್ನೆಲ್ಲ ಅದರಲ್ಲೇ ತೀರಿಸಿದ. ಅಲ್ಲಿಗೆ ನಿಲ್ಲಲಿಲ್ಲ, ಬೈಕೂ ಬಂತು. ಒಟಿಪಿ ಹೋಗುವ ಸಿಮ್ಮನ್ನು ನೀವೇ ಕೊಟ್ಟಿದ್ದೀರಿ ಎಂದು ಬ್ಯಾಂಕಿನವರು ಕೈ ತೊಳೆದುಕೊಂಡರು. ಗುಪ್ತ ವಿವರವನ್ನು ನಾವೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ ಎಂಬುದು ರಿಸರ್ವ್ ಬ್ಯಾಂಕಿನ 2017ರ ನಿಯಮ. ದುಡ್ಡು ಕಟ್ಟಿದೆ. ಅವನು ಕೇಳಿದ್ದರೆ ಕೊಡುತ್ತಿದ್ದೆ, ಅದೇ ಸಂಕಟ. ಈಗ ಹಬ್ಬಕ್ಕೆ ಹೋದರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ.

ರಾಯಚೂರು, ಈಗ ಷಾರ್ಲೆಟ್

ಅಣ್ಣಾ, ನಿಮ್ಮದು ನೀವು ಕೊಟ್ಟ ಕಾರ್ಡು. ಅಕ್ಕನದು ಅವರಿಗೆ ತಿಳಿಯದೆ ಹುಟ್ಟಿದ ಖಾತೆ. ಕಾನೂನು ಎರಡನ್ನೂ ಬೇರೆಯಾಗಿ ನೋಡುತ್ತದೆ, ದಯವಿಟ್ಟು ಬೆರೆಸಬೇಡಿ. ಕಾಕಾ ಅವರೇ, ನಿಮ್ಮ ತಾಯಿ ಬೋರಮಾಳವನ್ನು ತಾವೇ ಬಿಚ್ಚಿಕೊಟ್ಟರು. ಇಲ್ಲಿ ಮಲಗಿದ್ದವಳ ಕೊರಳಿನಿಂದ ಬಿಚ್ಚಿಕೊಂಡಿದ್ದಾರೆ.

ಸಿರುಗುಪ್ಪ, ಈಗ ಹ್ಯೂಸ್ಟನ್

ಕೋರ್ಟು ಮೆಟ್ಟಿಲು ಹತ್ತಿದ ಮನೆಗಳ ಮಕ್ಕಳನ್ನು ನೀನು ನೋಡಿಲ್ಲಪ್ಪ. ನಾನು ನೋಡಿದ್ದೇನೆ. ಶನಿವಾರ ಅಪ್ಪ, ಭಾನುವಾರ ಅವ್ವ. ಆ ಮಗುವಿಗೆ ಹನ್ನೊಂದು ವರ್ಷ ಎಂಬುದನ್ನು ಮರೆಯಬೇಡ.

ಬಳ್ಳಾರಿ, ಈಗ ಲಂಡನ್

ನಿಜ. ಅದಕ್ಕೇ ಮಕ್ಕಳಿಗೆ ಹತ್ತು ತುಂಬುವ ಮುಂಚೆ ಊರಿಗೆ ಮರಳಬೇಕು ಎನ್ನುವುದು.

ಕೊಪ್ಪಳ, ಈಗ ಸಿಯಾಟಲ್

ಊರಿಗೆ ಮರಳುವ ಚರ್ಚೆಗೆ ಬೇರೆ ದಿನವಿದೆ. ಕಾಕಾ ಅವರೇ, ಒಂಬತ್ತು ವರ್ಷದ ಹಿಂದೆ ಇಂಥದೇ ಕಾರ್ಡಿನ ವಿಷಯಕ್ಕೆ ಹಿರಿಯರು ನಮ್ಮ ಮನೆಯಲ್ಲಿಯೂ ಕೂತಿದ್ದರು. ಗವಿಮಠದ ಜಾತ್ರೆಗೆ ಹೋದಾಗ ಗವಿಸಿದ್ಧೇಶ್ವರ ಅಜ್ಜನ ಗದ್ದುಗೆಯ ಮುಂದೆ ನಮ್ಮ ಯಜಮಾನರಿಂದ ಆಣೆಯನ್ನೂ ಹಾಕಿಸಿದರು. ಆರು ತಿಂಗಳಿಗೆ ಮೂರನೆಯ ಕಾರ್ಡು ಬಂತು. ನಾಲ್ಕು ವರ್ಷ ನನ್ನ ಸಂಬಳದಿಂದ ತೀರಿಸಿದೆ. ನನ್ನ ಮಗಳಿಗೆ ಅದೆಲ್ಲ ಆಗಲೇ ಗೊತ್ತಿತ್ತು, ರಾತ್ರಿ ಗೋಡೆಯ ಆಚೆಯಿಂದ ಕೇಳಿಸಿಕೊಳ್ಳುತ್ತಿದ್ದಳಂತೆ. ತಂಗೀ, ಮೊದಲು ನಿನ್ನದೇ ಹೆಸರಿನ ಖಾತೆ ತೆರೆದು ಸಂಬಳವನ್ನು ಅಲ್ಲಿಗೆ ತಿರುಗಿಸು. ಮನೆ ಸಾಲದ ಅರ್ಜಿ ನಿಲ್ಲಿಸು. ವಕೀಲರ ಬಳಿ ಹೋಗುವಾಗ ಒಬ್ಬಳೇ ಹೋಗಬೇಡ. ಫೋನಿನಲ್ಲಾದರೂ ನಾನು ಜೊತೆಗಿರುತ್ತೇನೆ.

ಸಿಂಧನೂರು, ಈಗ ನ್ಯೂಜೆರ್ಸಿ

ಎಲ್ಲರಿಗೂ ಶರಣು. ಕಾಕಾ ಅವರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ನನ್ನ ಫ್ರೀಜ್ ಮೂರೂ ಕಡೆ ಆಯಿತು. ಮಗಳ ಲಕೋಟೆಗಳು ಸಿದ್ಧವಾಗಿವೆ, ಸೋಮವಾರ ಅಂಚೆ ಕಚೇರಿಗೆ ಹೋಗುತ್ತೇನೆ. ದೂರಿನ ಮಾತು ಗುರುವಾರ ವಕೀಲರನ್ನು ಕಂಡ ಮೇಲೆ. ಕೊಪ್ಪಳದ ಅಕ್ಕಾ, ನಿಮ್ಮ ಸಂಖ್ಯೆಯನ್ನು ಖಾಸಗಿಯಾಗಿ ಕಳಿಸುವಿರಾ? ಇವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಬೇಕು, ಅದಕ್ಕೂ ಮುಂಚೆ ನಿಮ್ಮೊಡನೆ ಮಾತನಾಡಬೇಕು.