ಜಿರಳೆ, ಇಲಿ, ಜೋಳದ ನುಸಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ನಮಸ್ಕಾರ ರೀ. ನಾನು ವಿಜಯಪುರದಲ್ಲಿ ಮನೆ, ಅಂಗಡಿಗಳಿಗೆ ಕೀಟ ನಿಯಂತ್ರಣದ ಕೆಲಸ ಮಾಡುತ್ತೇನೆ. ಮನೆಗೆ ಹುಳ, ಇಲಿ ಬಾರದಂತೆ ಏನು ಮಾಡಬೇಕು ಅಂತ ಗುಂಪಿನಲ್ಲಿ ಸುಮಾರು ಜನ ಕೇಳಿದ್ದೀರಿ. ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ (ಜಲನಗರ): ಸರ್, ಅಡುಗೆಮನೆಯಲ್ಲಿ ಸಣ್ಣ ಜೊಂಡಿಗ ವಿಪರೀತ ಆಗಿವೆ. ವಾರಕ್ಕೊಮ್ಮೆ ಸ್ಪ್ರೇ ಹೊಡೆಯುತ್ತೇನೆ. ಎರಡು ದಿನ ಕಾಣುವುದಿಲ್ಲ, ಮತ್ತೆ ಅಷ್ಟೇ. ಮನೆ ಸ್ವಚ್ಛವಾಗಿಯೇ ಇಡುತ್ತೇನೆ ರೀ.

ಉತ್ತರ: ಅಕ್ಕಾರ, ಇದರಲ್ಲಿ ನಿಮ್ಮ ತಪ್ಪಿಲ್ಲ. ಈ ಸಣ್ಣ ಜಾತಿ ಹೆಚ್ಚಾಗಿ ಕಿರಾಣಿ ರಟ್ಟಿನ ಡಬ್ಬಿ, ಮೊಟ್ಟೆ ಟ್ರೇ, ಹಳೇ ಫ್ರಿಜ್ ಜೊತೆಗೇ ಮನೆಗೆ ಬರುತ್ತದೆ. ಹೆಣ್ಣು ಒಂದು ಮೊಟ್ಟೆಚೀಲವನ್ನು ಹಿಂದೆ ಅಂಟಿಸಿಕೊಂಡೇ ತಿರುಗುತ್ತದೆ. ಅದರೊಳಗೆ 30ರಿಂದ 40 ಮರಿ ಇರುತ್ತವೆ. ಸ್ಪ್ರೇ ಆ ಚೀಲದ ಒಳಗೆ ಇಳಿಯುವುದಿಲ್ಲ. ಎದುರಿಗೆ ಇದ್ದವು ಸಾಯುತ್ತವೆ, ಉಳಿದವು ಚದುರಿ ಇನ್ನೊಂದು ಸಂದಿ ಸೇರುತ್ತವೆ.

ಸ್ಪ್ರೇ ನಿಲ್ಲಿಸಿ. ಜಿರಳೆ ಜೆಲ್ ತಂದು ಸಾಸಿವೆ ಕಾಳಿನಷ್ಟು ಚುಕ್ಕೆ ಇಡಿ: ಫ್ರಿಜ್ ಮೋಟಾರ್ ಹತ್ತಿರ, ಕಪಾಟಿನ ಬಾಗಿಲ ಕೀಲಿನಲ್ಲಿ, ಸಿಂಕ್ ಕೆಳಗೆ. ಪಾತ್ರೆ, ಊಟಕ್ಕೆ ತಾಗದ ಜಾಗದಲ್ಲಿ ಮಾತ್ರ. ಚುಕ್ಕೆ ಇಟ್ಟ ಕಡೆ ಸ್ಪ್ರೇ, ಫಿನೈಲ್ ಏನೂ ಬೇಡ, ವಾಸನೆಗೆ ಅವು ಜೆಲ್ ತಿನ್ನುವುದಿಲ್ಲ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಇಡಿ, ಅಷ್ಟರಲ್ಲಿ ಹೊಸ ಮರಿ ಹೊರಬಂದಿರುತ್ತವೆ. ಇನ್ನೊಂದು ಮಾತು. ರಾತ್ರಿ ಮಲಗುವ ಮುಂಚೆ ಸಿಂಕ್ ಒಣ ಬಟ್ಟೆಯಿಂದ ಒರೆಸಿ, ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ. ಜಿರಳೆ ಊಟ ಇಲ್ಲದೆ ವಾರಗಟ್ಟಲೆ ಇರುತ್ತದೆ, ನೀರಿಲ್ಲದೆ ಅಷ್ಟು ದಿನ ಇರಲಾರದು.

ಪ್ರಶ್ನೆ (ನವನಗರ, ಬಾಗಲಕೋಟೆ): ಇಲಿಗೆ ಪಾಷಾಣ ಇಟ್ಟರೆ ಎಲ್ಲೋ ಸತ್ತು ನಾರುತ್ತವೆ. ಬೇರೆ ದಾರಿ ಹೇಳಿ ಅಣ್ಣಾರ. ಹಿತ್ತಲಲ್ಲಿ ಚೇಳೂ ಕಾಣುತ್ತಿವೆ.

ಉತ್ತರ: ಒಂದು ಪೆನ್ಸಿಲ್ ತಗೊಂಡು ಮನೆ ಸುತ್ತ ಒಂದು ಸುತ್ತು ಹಾಕಿ. ಪೆನ್ಸಿಲ್ ತೂರುವ ಸಂದಿಯಲ್ಲಿ ಸುಂಡಿಲಿಯೂ ತೂರುತ್ತದೆ. ಬಾಗಿಲ ಕೆಳಗೆ, ಎಸಿ ಪೈಪ್ ಗೋಡೆ ದಾಟುವಲ್ಲಿ, ಬಚ್ಚಲ ನೀರು ಗಟಾರಕ್ಕೆ ಹೋಗುವಲ್ಲಿ ನೋಡಿ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಸಂದಿಯಲ್ಲಿ ಗಟ್ಟಿಯಾಗಿ ತುರುಕಿ, ಮೇಲೆ ಸಿಮೆಂಟ್ ಬಳಿಯಿರಿ. ಬರೀ ಬಟ್ಟೆ, ಥರ್ಮಾಕೋಲ್ ತುರುಕಿದರೆ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತವೆ. ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಸಿ. ಒಳಗೆ ಉಳಿದವುಗಳಿಗೆ ಬೋನು ಸಾಕು. ಗೋಡೆ ಪಕ್ಕದಲ್ಲೇ ಇಡಿ, ಇಲಿ ಗೋಡೆ ಬಿಟ್ಟು ಓಡುವುದು ಕಡಿಮೆ.

ಚೇಳಿಗೆ ಕಲ್ಲು, ಇಟ್ಟಿಗೆ, ಕಟ್ಟಿಗೆ, ಕುಳ್ಳಿನ ರಾಶಿಯೇ ಮನೆ. ರಾಶಿಯನ್ನು ಗೋಡೆಯಿಂದ ದೂರ ಹಾಕಿ. ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಳಿಗೆ ಕೂಡಿಸಿ. ಚಪ್ಪಲಿ, ಹಾಸಿಗೆ ಝಾಡಿಸಿ ಬಳಸಿ. ಕೆಂಪು ಚೇಳು ಮಕ್ಕಳಿಗೆ ಕಚ್ಚಿದರೆ ಮಂತ್ರ, ಮನೆಮದ್ದು ಅಂತ ಹೊತ್ತು ಕಳೆಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಸೋಲಾಪುರ ರಸ್ತೆ): ನಲ್ಲಿ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ತುಂಬಿಡಲೇಬೇಕು. ಸೊಳ್ಳೆ ಮರಿ ಆಗುತ್ತವೆ.

ಉತ್ತರ: ತುಂಬಿಡಿ, ಬಾಯಿಗೆ ಬಟ್ಟೆ ಕಟ್ಟಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗಿನ ಗೋಡೆಯನ್ನು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಸುಮ್ನೆ ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ಒಣ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಇದ್ದು, ನೀರು ಬಿದ್ದಾಗ ಒಡೆಯುತ್ತದೆ.

ಪ್ರಶ್ನೆ (ಇಂಡಿ): ವರ್ಷದ ಜೋಳ ಆರು ಚೀಲ ಮನೆಯಲ್ಲಿದೆ. ನುಸಿ ಬಿದ್ದಿದೆ. ಪರಿಚಯದವರು ಕಾಳಿನ ಗುಳಿಗೆ ತಂದುಕೊಟ್ಟರು. ಚೀಲಕ್ಕೆ ಎಷ್ಟು ಹಾಕಬೇಕು ಸರ್?

ಉತ್ತರ: ಒಂದೂ ಬೇಡ. ದಯವಿಟ್ಟು ಇದನ್ನು ಎಲ್ಲರೂ ಓದಿ.

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನ್ನುವ ವಿಷಗಾಳಿ ಬಿಡುತ್ತದೆ. 3 ಗ್ರಾಂ ಗುಳಿಗೆಯಿಂದ 1 ಗ್ರಾಂ ಗಾಳಿ ಬರುತ್ತದೆ. ಗೋಣಿಚೀಲ ಅದನ್ನು ತಡೆಯುವುದಿಲ್ಲ, ಪಕ್ಕದ ಕೋಣೆಗೂ ಹರಡುತ್ತದೆ. ಅದಕ್ಕೆ ಮದ್ದು ಅಂತ ಔಷಧವೇ ಇಲ್ಲ. ವಾಂತಿ, ಹೊಟ್ಟೆನೋವು, ಉಸಿರು ಕಟ್ಟುವುದು ಶುರುವಾದರೆ ಮನೆಯವರು ಊಟ ಕೆಟ್ಟಿರಬೇಕು ಅಂದುಕೊಂಡು ಅದೇ ಮನೆಯಲ್ಲಿ ಮಲಗಿಬಿಡುತ್ತಾರೆ. ಸಾಮಾನ್ಯ ಜನರಿಗೆ ಇದನ್ನು ಮಾರುವಂತೆಯೇ ಇಲ್ಲ.

ನುಸಿ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಅದಕ್ಕೇ ಹಸನು ಮಾಡಿದ ಕಾಳಿನಲ್ಲೂ ತಿಂಗಳಾದ ಮೇಲೆ ಹುಳ ಏಳುತ್ತದೆ. ಜೋಳ ಜರಡಿ ಹಿಡಿದು, ತೆಳ್ಳಗೆ ಹರಡಿ ಎರಡು ಮೂರು ದಿನ ಕಡು ಬಿಸಿಲಿಗೆ ಹಾಕಿ. ಹಲ್ಲಿನಲ್ಲಿ ಕಡಿದರೆ ಕಟ್ ಅನ್ನಬೇಕು. ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗ ತುಂಬಿದರೆ ಒಳಗೆ ಬೆವರುತ್ತದೆ. ಗಟ್ಟಿ ಮುಚ್ಚಳದ ಡಬ್ಬಿ ಅಥವಾ ಕೋಠಿಯಲ್ಲಿ ಬಾಯಿತನಕ ತುಂಬಿ, ಗಾಳಿ ಆಡದಂತೆ ಮುಚ್ಚಿ. ನಮ್ಮ ಹಿರಿಯರು ಹಗೇವು (ನೆಲದೊಳಗಿನ ಕಾಳಿನ ಗುಂಡಿ) ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು, ಇಲ್ಲೂ ಲೆಕ್ಕ ಅದೇ. ಗಾಳಿ ಇಲ್ಲದಿದ್ದರೆ ಹುಳ ಬದುಕುವುದಿಲ್ಲ. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ನಡುನಡುವೆ ಹಾಕಬಹುದು. ಆದರೆ ಕಾಳು ಒಣಗಿರದಿದ್ದರೆ ಬೇವೂ ಕೈಕೊಡುತ್ತದೆ. ಹಳೇ ಚೀಲ ಕುದಿನೀರಿನಲ್ಲಿ ಅದ್ದಿ ಒಣಗಿಸದೆ ಬಳಸಬೇಡಿ.

ಸದಸ್ಯರೊಬ್ಬರು: ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಗುಳಿಗೆ ಹಾಕುತ್ತೇವೆ, ಏನೂ ಆಗಿಲ್ಲ.

ಉತ್ತರ: ನಿಮ್ಮದು ಕಿಟಕಿ, ಬೆಳಕಿಂಡಿ ಇರುವ ಹಳೇ ಮನೆ ಇರಬಹುದು ಸರ್. ಈಗಿನ ಆರ್‌ಸಿಸಿ ಮನೆಯಲ್ಲಿ ಬಾಗಿಲು ಹಾಕಿ, ಕೂಲರ್ ಹಚ್ಚಿ, ಮಕ್ಕಳನ್ನು ಚೀಲದ ಪಕ್ಕದ ಕೋಣೆಯಲ್ಲೇ ಮಲಗಿಸುತ್ತೇವೆ ಅಲ್ವಾ? ನನ್ನ ಮಾತು ಕೇಳಿ, ಈ ವರ್ಷದಿಂದ ಬಿಡಿ.

ಇಂಡಿಯವರು ಮತ್ತೆ: ಸರ್, ನಿಜ ಹೇಳುತ್ತೇನೆ. ನಿನ್ನೆ ರಾತ್ರಿಯೇ ಎರಡು ಚೀಲಕ್ಕೆ ಹಾಕಿಬಿಟ್ಟಿದ್ದೇವೆ. ಅವ್ವನಿಗೆ ಬೆಳಿಗ್ಗೆಯಿಂದ ತಲೆನೋವು.

ಉತ್ತರ: ಈಗಲೇ ಎಲ್ಲರೂ ಹೊರಗೆ ಬನ್ನಿ. ಬರುವಾಗ ಬಾಗಿಲು ತೆರೆದಿಟ್ಟು ಬನ್ನಿ. ಚೀಲ ಮುಟ್ಟಬೇಡಿ, ನೀರು ಹಾಕಬೇಡಿ, ನೀರು ಬಿದ್ದರೆ ಗಾಳಿ ಜಾಸ್ತಿ ಏಳುತ್ತದೆ. 108ಕ್ಕೆ ಫೋನ್ ಮಾಡಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಗುಳಿಗೆಯ ಹೆಸರು ಡಾಕ್ಟರಿಗೆ ಹೇಳಿ. ಚೀಲ ತೆಗೆಯಲು ವಿಷಗಾಳಿ ತಡೆಯುವ ಮಾಸ್ಕ್ ತಗೊಂಡು ನಾನೇ ಹೊರಡುತ್ತೇನೆ.

ಇಂಡಿಯವರು: ಹೊರಗೆ ಬಂದಿದ್ದೇವೆ ಸರ್. ಗಾಡಿ ಬಂತು. ಅವ್ವ ಮಾತಾಡುತ್ತಿದ್ದಾಳೆ.

ಉತ್ತರ: ಒಳ್ಳೇದಾಯ್ತು. ನಾನು ಬರುವತನಕ ಯಾರೂ ಒಳಗೆ ಹೋಗಬೇಡಿ.