ಬಾವಿಯ ಗೋಡೆಯಲ್ಲಿ ಬಿಳಿ ಗೆರೆಗಳು: ಭೂವಿಜ್ಞಾನಿಗೊಂದು ಪ್ರಶ್ನೆ

ಪ್ರಶ್ನೆ: ಚಿತ್ರದುರ್ಗದ ಹತ್ತಿರ ನಮ್ಮ ಹೊಲದ ತೆರೆದ ಬಾವಿಯನ್ನು ಆಳ ಮಾಡಿಸಿದೆವು. ಬೂದು ಬಣ್ಣದ ಗಟ್ಟಿ ಪದರ, ಕಪ್ಪು ಮೆದು ಪದರ ಒಂದರ ಮೇಲೊಂದು ಬಂದಿವೆ. ಬೆರಳಗಲದ ಬೆಣಚುಕಲ್ಲಿನ ಗೆರೆಗಳು ಗಟ್ಟಿ ಪದರವನ್ನು ಅಡ್ಡಲಾಗಿ ಸೀಳಿ, ಕಪ್ಪು ಪದರ ಸಿಕ್ಕೊಡನೆ ನಿಂತುಬಿಡುತ್ತವೆ. ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ ಹೀಗಾಯಿತೇ?

ಉತ್ತರ: ಕರಗಿದ ಕಲ್ಲಲ್ಲ, ಬಿಸಿನೀರು. ಗೆರೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿದ್ದೀರಲ್ಲ, ಉತ್ತರ ಅಲ್ಲಿಯೇ ಇದೆ. ಕೆಳಗಿನಿಂದ ನುಗ್ಗಿದ ಶಿಲಾರಸವಾಗಿದ್ದರೆ ಕಪ್ಪು ಪದರವನ್ನೂ ಸೀಳಿಕೊಂಡು ಬಂದಿರುತ್ತಿತ್ತು.

ನಿಮ್ಮ ವಿವರಣೆ ಗ್ರೇವ್ಯಾಕ್ (ಬೂದು ಬಣ್ಣದ ಗಟ್ಟಿ ಮರಳುಗಲ್ಲು) ಮತ್ತು ಜೇಡಿಶಿಲೆಗೆ (ಕೆಸರು ಗಟ್ಟಿಯಾದ ಕಪ್ಪು ಕಲ್ಲು) ಹೊಂದುತ್ತದೆ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕೂತ ಮರಳು, ಕೆಸರು ಅವು. ಆಮೇಲೆ ನೆಲದಾಳದಲ್ಲಿ ಹಿಂಡಿಸಿಕೊಂಡು ಮಡಿಕೆಬಿದ್ದವು. ಕೆಸರಿನ ಪದರ ಕಲಸಿದ ಹಿಟ್ಟಿನಂತೆ ಬಾಗಿತು. ಮರಳಿನ ಪದರ ಬಾಗಲಾರದೆ ಬಿರಿಯಿತು. ಅದೇ ಹೊತ್ತಿಗೆ ಜೇಡಿ ಖನಿಜಗಳು ಅಭ್ರಕವಾಗಿ ಬದಲಾಗುತ್ತ ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟವು. ಒತ್ತಡಕ್ಕೆ ಸಿಕ್ಕ ಮರಳಿನ ಕಣಗಳಿಂದ ಸಿಲಿಕಾ ಆ ನೀರಿನಲ್ಲಿ ಕರಗಿತು. ನೀರಿನ ಒತ್ತಡ ಕಲ್ಲಿನ ಬಿಗಿತವನ್ನು ಮೀರಿದಾಗ ಬಿರುಕು ಬಾಯಿಬಿಡುತ್ತದೆ, ಒತ್ತಡ ಥಟ್ಟನೆ ಇಳಿಯುತ್ತದೆ, ಸಿಲಿಕಾ ಬೆಣಚಾಗಿ ಹರಳುಗಟ್ಟಿ ಬಾಯಿ ಮುಚ್ಚುತ್ತದೆ. ಮತ್ತೆ ಒತ್ತಡ, ಮತ್ತೆ ಬಿರುಕು. ಒಂದು ಗೆರೆಯೊಳಗೆ ಇಂಥ ನೂರಾರು ಸುತ್ತುಗಳು ಇರಬಹುದು. 1980ರಲ್ಲಿ ಭೂವಿಜ್ಞಾನಿ ಜಾನ್ ರಾಮ್ಸೆ ಇದನ್ನು ವಿವರಿಸಿದರು. ಸೂಕ್ಷ್ಮದರ್ಶಕದಲ್ಲಿ ಪಕ್ಕದ ಕಲ್ಲಿನ ಸಣ್ಣ ಚೂರುಗಳು ಸಾಲುಸಾಲಾಗಿ ಸಿಕ್ಕಿಕೊಂಡಿರುವುದನ್ನು ನೋಡುವುದು ನನಗೆ ಇವತ್ತಿಗೂ ಸಂತೋಷದ ಕೆಲಸ.

ಇನ್ನೊಬ್ಬ ಸದಸ್ಯರು: ನಮ್ಮಲ್ಲಿ ಬೆಣಚಿನ ಗೆರೆ ಪದರಗಳ ಸಂದಿಯಲ್ಲೇ ಉದ್ದಕ್ಕೆ ಹೋಗಿದೆ. ಹಳದಿ ಹೊಳಪೂ ಇದೆ. ಚಿನ್ನವೇ?

ಉತ್ತರ: ಪದರಗಳು ಮಡಚಿಕೊಳ್ಳುವಾಗ ಒಂದರ ಮೇಲೊಂದು ಜಾರುತ್ತವೆ, ಆ ಸಂದಿಯಲ್ಲಿ ಬೆಣಚು ಹೀಗೆ ಉದ್ದಕ್ಕೆ ಬೆಳೆಯುತ್ತದೆ. ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಮಡಿಕೆಗಳ ನೆತ್ತಿಯಲ್ಲಿ ತುಂಬಿಕೊಂಡ ಇಂಥ ಬೆಣಚಿನಿಂದಲೇ ಹೇರಳ ಚಿನ್ನ ತೆಗೆದರು. ಚಿತ್ರದುರ್ಗದ ಹತ್ತಿರದ ನಮ್ಮ ಜಿ.ಆರ್. ಹಳ್ಳಿಯ ಕಡೆಯೂ ಚಿನ್ನದ ನಿಕ್ಷೇಪ ಗುರುತಾಗಿದೆ. ಆದರೂ ಹಳದಿ ಹೊಳಪು ಬಹುಪಾಲು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ಸೂಜಿಯಿಂದ ಒತ್ತಿ: ಚಿನ್ನ ತಗ್ಗುತ್ತದೆ, ಪೈರೈಟ್ ತಗ್ಗುವುದಿಲ್ಲ, ಜೋರಾಗಿ ಕುಟ್ಟಿದರೆ ಪುಡಿಯಾಗುತ್ತದೆ.

ಮೊದಲ ಪ್ರಶ್ನೆಯವರು: ಗೆರೆಗಳ ಪಕ್ಕದಿಂದಲೇ ನೀರು ಜಿನುಗುತ್ತಿದೆ. ಅದನ್ನು ನಂಬಿ ಇನ್ನೂ ಆಳಕ್ಕೆ ಇಳಿಯಬಹುದೇ?

ಉತ್ತರ: ಈ ಗೆರೆಗಳನ್ನು ನಂಬಿ ಹಣ ಹಾಕಬೇಡಿ. ಬೆಣಚು ತಾನಾಗಿ ನೀರು ಹಿಡಿಯುವುದಿಲ್ಲ. ಇತ್ತೀಚಿನ ಬಿರುಕುಗಳು ಅದನ್ನು ಒಡೆದಲ್ಲಿ ಮಾತ್ರ ನೀರು ಹರಿಯುತ್ತದೆ. ನಿಮ್ಮ ಗೆರೆಗಳು ಒಂದೇ ಪದರದಲ್ಲಿ ಮುಗಿಯುವುದರಿಂದ ಆಳದ ನೀರಿಗೆ ದಾರಿಯಾಗಲಾರವು. ಎಲ್ಲ ಪದರಗಳನ್ನೂ ದಾಟಿ ಹೋಗುವ ತೆರೆದ ಬಿರುಕು ಇದೆಯೇ ಎಂದು ಬೇಸಿಗೆಯಲ್ಲಿ, ನೀರು ಇಳಿದಾಗ ನೋಡಿ. ಅದರ ಫೋಟೊವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಇಲ್ಲಿ ಹಾಕಿ.