ಕ್ರಿಸ್ಮಸ್‌ಗೆ ಮಿಷನ್ ತಂಡದ ಜೊತೆ ಮಕ್ಕಳ ಆಶ್ರಮಕ್ಕೆ ಹೋದವರು ಇದ್ದೀರಾ?

ಸಂಜೆಗಾಳಿ:
ನಮ್ಮ ಸಭೆಯ ತಂಡ ಈ ಸಲ ಒಂದು ಮಕ್ಕಳ ಆಶ್ರಮಕ್ಕೆ ಹೋಗುತ್ತಿದೆ. ನನಗೆ ಇದೇ ಮೊದಲು. 40 ಮಕ್ಕಳಿದ್ದಾರೆ. ಉಡುಗೊರೆ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಶೂ ಡಬ್ಬಿಯಲ್ಲಿ ತುಂಬಿಸಿ ಕೊಡೋಣ ಅಂತ ಒಬ್ಬರು, ಸುಮ್ನೆ ಚೀಲದಲ್ಲಿ ಒಯ್ದು ಹಂಚಿದರೆ ಸಾಕು ಅಂತ ಇನ್ನೊಬ್ಬರು. ಯಾವುದು ಸರಿ? ನಿಮಗೆ ಇವತ್ತಿಗೂ ನೆನಪಿರುವುದು ಏನು?

ಹಳೇಸ್ವೆಟರ್:
ಕಣ್ಣು ಮುಚ್ಚಿಕೊಂಡು ಡಬ್ಬಿ ಅನ್ನಿ.

ನಾನು ಒಂಬತ್ತು ಕ್ರಿಸ್ಮಸ್ ಹೀಗೆ ಕಳೆದಿದ್ದೇನೆ. ಮೊದಲ ವರ್ಷ ಗಾಡಿಯಲ್ಲಿ ಜಾಗ ಸಾಲದೆ ಡಬ್ಬಿಗಳನ್ನು ಎಸೆದು, ಸಾಮಾನೆಲ್ಲ ಚೀಲಕ್ಕೆ ಸುರಿದುಕೊಂಡು ಹೋದೆವು. ಮಕ್ಕಳಿಗೆ ಖುಷಿಯೇ ಆಯಿತು. ಸಂಜೆ ಹೊತ್ತಿಗೆ ಯಾವ ಪೆನ್ಸಿಲ್ ಯಾರದು ಅಂತ ಜಗಳ. ಕೊನೆಗೆ ಎಲ್ಲವೂ ಒಂದೇ ಬುಟ್ಟಿಗೆ ಹೋಯಿತು. ಅಲ್ಲಿ ಬೀರು, ಬಾಚಣಿಗೆ, ಚೆಂಡು ಎಲ್ಲವೂ ಎಲ್ಲರದು. ನಮಗೆ ಅದು ಹೊಳೆದೇ ಇರಲಿಲ್ಲ.

ಮುಂದಿನ ವರ್ಷ ಮುಚ್ಚಳದ ಮೇಲೆ ಹೆಸರು ಬರೆದು ಒಯ್ದೆವು. ಒಬ್ಬ ಹುಡುಗನ ಹೆಸರಿನಲ್ಲಿ ನಾನು ಒತ್ತಕ್ಷರ ತಪ್ಪಿಸಿದ್ದೆ. ಪೆನ್ ಕೊಡಿ ಅಂದ, ತಾನೇ ತಿದ್ದಿಕೊಂಡ. ಆಮೇಲೆ ಪೆನ್ ವಾಪಸ್ ಕೊಡಲೇ ಇಲ್ಲ. ಉಳಿದ ಡಬ್ಬಿಗಳನ್ನೆಲ್ಲ ತಪಾಸಣೆ ಮಾಡಿದ, ಇನ್ನೂ ನಾಲ್ಕು ತಪ್ಪು ಹಿಡಿದ!

ಡಬ್ಬಿ ಯೋಚನೆ ನಮ್ಮದೇನಲ್ಲ. 1990ರಲ್ಲಿ ವೇಲ್ಸ್‌ನ ಕೆಲವರು ರೊಮೇನಿಯಾದ ಅನಾಥ ಮಕ್ಕಳಿಗೆ ಉಡುಗೊರೆ ಒಯ್ದರು, ಅದೇ ಮುಂದೆ ಮಕ್ಕಳಿಗೆ ಶೂ ಡಬ್ಬಿಯಲ್ಲಿ ಉಡುಗೊರೆ ಕಳಿಸುವ ‘ಆಪರೇಷನ್ ಕ್ರಿಸ್ಮಸ್ ಚೈಲ್ಡ್’ ಅನ್ನುವ ಯೋಜನೆ ಆಯಿತು. ಅವರು ವಯಸ್ಸನ್ನು 2–4, 5–9, 10–14 ಅಂತ ವಿಂಗಡಿಸುತ್ತಾರೆ. ನಾವು ಆ ಲೆಕ್ಕ ಮಾತ್ರ ಕದ್ದೆವು. ಗಾಜು, ಸೋರುವ ವಸ್ತು, ಆಟಿಕೆ ಬಂದೂಕು ಬೇಡ ಅನ್ನುವುದೂ ಅವರದೇ ನಿಯಮ.

ಇನ್ನು ಮಕ್ಕಳ ಕೈಲಿ ಆಡಿಸಿದ ಯೇಸು ಹುಟ್ಟಿದ ಕಥೆಯ ನಾಟಕ. ಎಲ್ಲರಿಗೂ ದೇವದೂತರೇ ಆಗಬೇಕಿತ್ತು. ನಾನು ಸಂತ ಫ್ರಾನ್ಸಿಸರ ಕಥೆ ಹೇಳಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅವರು ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಮಾಡಿದ್ದರಲ್ಲ, ಅದು. ಹೇಳಿ ಕೆಟ್ಟೆ. ಎಲ್ಲರೂ ಕತ್ತೆ ಪಾತ್ರಕ್ಕೆ ಸಾಲು ನಿಂತರು! ಆರು ವರ್ಷದ ಒಬ್ಬಳು ಎಲ್ಲರಿಗಿಂತ ಚೆನ್ನಾಗಿ ಅರಚಿ ಗೆದ್ದಳು. ನಾಟಕದ ದಿನ ದೇವದೂತ ಕುರುಬರಿಗೆ ‘ಹೆದರಬೇಡಿ’ ಅನ್ನುವುದಕ್ಕೂ ಇವಳು ಅರಚುವುದಕ್ಕೂ ಸರಿಹೋಯಿತು. ಕುರುಬರು ನಿಜವಾಗಿಯೂ ಹೆದರಿದರು.

ಒಂದು ಮಾತು. ಜನವರಿ 6ಕ್ಕೆ, ಮೂವರು ಜ್ಞಾನಿಗಳ ಹಬ್ಬಕ್ಕೆ, ಇನ್ನೊಂದು ಸಲ ಹೋಗಿ. ಡಿಸೆಂಬರ್‌ನಲ್ಲಿ ಬರುವವರು ಜಾಸ್ತಿ, ಆಮೇಲೆ ಯಾರೂ ಇರುವುದಿಲ್ಲ. ನಾವು ಹೋದಾಗ ಡಬ್ಬಿಗಳೆಲ್ಲ ಮಂಚದ ಕೆಳಗೆ ಸಾಲಾಗಿದ್ದವು. ಆ ಹುಡುಗಿ ತನ್ನದನ್ನು ತೆರೆದು ತೋರಿಸಿದಳು. ನಾವು ಕೊಟ್ಟದ್ದು ಒಂದೂ ಕಾಣಲಿಲ್ಲ. ಎರಡು ರಟ್ಟಿನ ಕತ್ತೆಕಿವಿ ಮಾತ್ರ ಇದ್ದವು.

ಅರ್ಧಚಂದ್ರ:
ನಾನು ಅಂಥದೇ ಆಶ್ರಮದಲ್ಲಿ ಬೆಳೆದವನು. ಉಡುಗೊರೆ ಕೈಗೆ ಕೊಡುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಬೇಡಿ, ದಯವಿಟ್ಟು. ನಗು ಅಂದಾಗ ನಗಬೇಕು, ನಗದಿದ್ದರೆ ಕೃತಜ್ಞತೆ ಇಲ್ಲ ಅನ್ನುತ್ತಿದ್ದರು. ನನಗೆ ಇಷ್ಟವಾಗಿದ್ದವರು ಒಬ್ಬ ಅಣ್ಣ. ಏನೂ ತರಲಿಲ್ಲ. ಇಡೀ ಮಧ್ಯಾಹ್ನ ನಮ್ಮ ಜೊತೆ ಗೋಲಿ ಆಡಿ ಸೋತರು.

ಹಳೇಸ್ವೆಟರ್:
ಫೋಟೊ ತಪ್ಪು ನಾವೂ ಮಾಡಿದ್ದೇವೆ. ಮೂರನೇ ವರ್ಷ ಬಿಟ್ಟೆವು. ಇನ್ನೂ ಮೊದಲೇ ಬಿಡಬೇಕಿತ್ತು.

ಸಂಜೆಗಾಳಿ:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ 26 ಡಬ್ಬಿ ರದ್ದಿಗೆ ಅಂತ ಕಟ್ಟಿಟ್ಟಿದ್ದೆ. ಈಗ ಬಿಚ್ಚುತ್ತಿದ್ದೇನೆ. ಹೆಸರಿನ ಪಟ್ಟಿಯನ್ನು ಆಶ್ರಮದವರ ಕೈಯಲ್ಲೇ ಬರೆಸಿಕೊಳ್ಳುತ್ತೇನೆ, ನನ್ನ ಒತ್ತಕ್ಷರವೂ ಅಷ್ಟಕ್ಕಷ್ಟೇ.